ಹಂಚಿಕೆಯ ತೋಟಗಳೂ ನೆರೆಹೊರೆಯ ಸ್ನೇಹವೂ

ಒಂದೇ ಬೇಲಿಯೊಳಗೆ ನೂರು ಮಂದಿ ಬೇರೆ ಬೇರೆ ತುಂಡುಗಳನ್ನು ಸಾಗುವಳಿ ಮಾಡತೊಡಗಿದರೆ ಅಲ್ಲಿ ವ್ಯಾಜ್ಯಗಳೇ ಬೆಳೆಯುವುವೆಂದು ಅನೇಕರು ಭಾವಿಸುವುದುಂಟು. ಬದು ಒತ್ತಿದ ದೂರು, ನೀರಿನ ಸರದಿಯ ದೂರು, ಕಳೆ ಹಬ್ಬಿದ ದೂರು, ಇವು ಯಾವ ಗ್ರಾಮದ ಮುಖಂಡರಿಗೂ ಹೊಸವಲ್ಲ. ಆದರೆ ಇಂಗ್ಲೆಂಡಿನ ಊರುಗಳ ಅಂಚಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಹಂಚಿಕೆಯ ತೋಟಗಳನ್ನು ಪರಿಶೀಲಿಸಿದರೆ, ಕ್ರಮವರಿತು ನಡೆಸಿದಲ್ಲಿ ಇಂಥ ನೆರೆಯೇ ಸ್ನೇಹಕ್ಕೆ ಮೂಲವಾಗುವುದೆಂಬುದು ಮನದಟ್ಟಾಗುವುದು.

ಆ ದೇಶದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಊರೊಟ್ಟಿನ ಬಯಲುಗಳಿಗೆ ಬೇಲಿ ಬಿದ್ದು ಅವು ಖಾಸಗಿ ಸ್ವತ್ತುಗಳಾದುವು. ದನ ಮೇಯಿಸಲು ನೆಲವಿಲ್ಲದಂತಾದ ಬಡ ಕೂಲಿಗಾರರಿಗೆ ತರಕಾರಿ ಬೆಳೆದುಕೊಳ್ಳಲು ಸಣ್ಣ ತುಂಡುಗಳನ್ನು ಗೇಣಿಗೆ ಕೊಡುವ ಪದ್ಧತಿಯು ಆಗ ಬಲಗೊಂಡಿತು. 1908ರ ಕಾನೂನು ಇದನ್ನು ಸ್ಥಳೀಯ ಆಡಳಿತ ಸಭೆಗಳ ಕರ್ತವ್ಯವನ್ನಾಗಿ ಮಾಡಿತು. ಮತದಾರರು ಅಥವಾ ಕಂದಾಯ ತೆರುವವರು ಆರು ಮಂದಿ ಕೂಡಿ ಬಿನ್ನಹ ಮಾಡಿಕೊಂಡರೆ ಸಭೆಯು ಅದನ್ನು ವಿಚಾರಣೆಗೆ ತೆಗೆದುಕೊಳ್ಳಲೇಬೇಕು. ಒಬ್ಬನ ಕೋರಿಕೆಗಿಲ್ಲದ ಬಲವು ಆರು ಮಂದಿಯ ಒಗ್ಗಟ್ಟಿಗೆ ಉಂಟೆಂಬುದನ್ನು ವಾಚಕರು ಗಮನಿಸಬೇಕು. ಇದಕ್ಕೆಂದೇ ಪಡೆದ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರಕೂಡದೆಂದು 1925ರ ಕಾನೂನು ಕಟ್ಟುಪಾಡು ಮಾಡಿತು.

ರೂಢಿಯಲ್ಲಿರುವ ತುಂಡಿನ ವಿಸ್ತೀರ್ಣವು ಎಕರೆಯ ಹದಿನಾರರಲ್ಲೊಂದು ಪಾಲು, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಒಂದು ಸಂಸಾರಕ್ಕೆ ಬೇಕಾದ ಕಾಯಿಪಲ್ಲೆಯ ಬಹುಭಾಗವನ್ನು ಇಷ್ಟರಲ್ಲಿ ಬೆಳೆಯಬಹುದು. ತುಂಡು ಅವರವರದು, ಬೆಳೆಯೂ ಅವರವರದೇ. ಆದರೆ ಸುತ್ತಣ ಬೇಲಿ, ನಡುವಣ ದಾರಿ, ನೀರಿನ ತೊಟ್ಟಿ ಮತ್ತು ಹೆಬ್ಬಾಗಿಲು ಎಲ್ಲರಿಗೂ ಸೇರಿದುವು. ಸ್ನೇಹದ ಬೀಜವು ಇಲ್ಲಿಯೇ ಅಡಗಿದೆ. ಬೇಲಿ ಕಟ್ಟುವ ದಿನ ಎಲ್ಲರೂ ಬರಬೇಕು. ತೊಟ್ಟಿಯ ಬಳಿ ದಿನವೂ ಒಬ್ಬರನ್ನೊಬ್ಬರು ಕಾಣಬೇಕು. ಅನೇಕ ಕಡೆಗಳಲ್ಲಿ ತೋಟಗಾರರ ಸಂಘಗಳು ಬೀಜವನ್ನೂ ಗೊಬ್ಬರವನ್ನೂ ಒಟ್ಟಾಗಿ ಕೊಂಡು ಸದಸ್ಯರಿಗೆ ಸುಲಭ ಬೆಲೆಗೆ ಹಂಚುತ್ತವೆ. ಮಿಕ್ಕ ಸಸಿಗಳನ್ನು ನೆರೆಯವನಿಗೆ ಕೊಡುವುದೂ, ಕಾಯಿಲೆ ಬಿದ್ದವನ ಪಾತಿಗೆ ಪಕ್ಕದವನು ನೀರು ಹೊಯ್ಯುವುದೂ, ಹೊಸಬನಿಗೆ ಹಿರಿಯನು ಬಿತ್ತನೆಯ ಕಾಲವನ್ನು ತಿಳಿಸುವುದೂ ಇಲ್ಲಿ ಕಾಣಬರುವ ನಡವಳಿಕೆಗಳು.

ನಾಟಿಂಗ್‌ಹ್ಯಾಮ್ ನಗರದ ಸೇಂಟ್ ಆನ್ಸ್ ಎಂಬಲ್ಲಿ ಇಂಥ ಹಳೆಯ ತೋಟಗಳು ಸುಮಾರು 75 ಎಕರೆಗಳಷ್ಟು ಇಂದಿಗೂ ಉಳಿದಿವೆ. ಆ ನಗರದ ಶ್ರಮಜೀವಿಗಳು ತಾವೇ ಏರ್ಪಡಿಸಿದ್ದ ಗುಲಾಬಿ ಪ್ರದರ್ಶನಕ್ಕೆ ರೆನಾಲ್ಡ್ಸ್ ಹೋಲ್ ಎಂಬ ಪಾದ್ರಿಗಳನ್ನು ಆಹ್ವಾನಿಸಿದ್ದರು. ಅವರು 1869ರಲ್ಲಿ ಪ್ರಕಟಿಸಿದ ಗುಲಾಬಿಗಳ ಕುರಿತ ಗ್ರಂಥದಲ್ಲಿ ಆ ಸಂದರ್ಶನವನ್ನು ವರ್ಣಿಸಿದ್ದಾರೆ. ಹಿಮದಿಂದ ಗಿಡಗಳನ್ನು ಕಾಪಾಡಲು ತಮ್ಮ ಹಾಸಿಗೆಯ ಕಂಬಳಿಯನ್ನೇ ತೆಗೆದು ಹೊದಿಸಿದವರು ಅವರಲ್ಲಿ ಇದ್ದರಂತೆ. ಕೂಲಿಯಿಂದ ಜೀವಿಸುವವರು ಒಬ್ಬರ ಹೂವನ್ನು ಮತ್ತೊಬ್ಬರು ಮೆಚ್ಚುವ ಸಭೆಯನ್ನು ತಾವಾಗಿಯೇ ನಡೆಸಿಕೊಂಡರೆಂಬುದು ಸಣ್ಣ ಸಂಗತಿಯಲ್ಲ.

ಈ ಒಗ್ಗಟ್ಟಿನ ನಿಜವಾದ ಬೆಲೆಯು ಆಪತ್ಕಾಲದಲ್ಲಿ ತಿಳಿದುಬಂದಿತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಶತ್ರುಗಳ ಜಲಾಂತರ್ಗಾಮಿಗಳು ಧಾನ್ಯದ ಹಡಗುಗಳನ್ನು ಮುಳುಗಿಸಿದಾಗ, ತೋಟಗಳ ಸಂಖ್ಯೆಯು ಸುಮಾರು 15 ಲಕ್ಷಕ್ಕೆ ಏರಿತು. ಎರಡನೆಯ ಮಹಾಯುದ್ಧವು 1939ರಲ್ಲಿ ಆರಂಭವಾದಾಗ ‘ವಿಜಯಕ್ಕಾಗಿ ಅಗೆಯಿರಿ’ ಎಂಬ ಸರ್ಕಾರದ ಕರೆಗೆ ಜನರು ಓಗೊಟ್ಟು ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಅಗೆದು ತರಕಾರಿ ಬೆಳೆದರು.

ಯುದ್ಧದ ತರುವಾಯ ಉತ್ಸಾಹವು ಕುಗ್ಗಿ ಬಹಳ ತುಂಡುಗಳು ಪಾಳುಬಿದ್ದುವು. ಪಾಳು ತುಂಡಿನ ಕಳೆಯ ಬೀಜವು ಗಾಳಿಯಲ್ಲಿ ಹಾರಿ ನೆರೆಯವನ ಪಾತಿಯನ್ನು ಸೇರುವುದು. ಬೇಸತ್ತು ಅವನೂ ಬಿಡುವನು. ಹೀಗೆ ಒಬ್ಬನ ಔದಾಸೀನ್ಯವು ನಾಲ್ವರ ಕೇಡಾಗುವುದು. ಸೇಂಟ್ ಆನ್ಸ್ ತೋಟಗಳಿಗೂ ಇಂಥ ದುರ್ದೆಶೆ ಒದಗಿತ್ತು. ಗೇಣಿದಾರರು ಸಂಘಟಿತರಾಗಿ ನಗರಸಭೆಯೊಡನೆ ದುಡಿದುದರಿಂದ ಅವು ಮರಳಿ ಹಸುರಾದುವು. ಕಾನೂನು ನೆಲವನ್ನು ಕಾಯಬಲ್ಲುದು. ನೆಲದ ಮೇಲಣ ಬಾಳನ್ನು ಕಾಯುವುದು ನೆರೆಹೊರೆಯ ಹೊಣೆಗಾರಿಕೆಯೇ.

ನಮ್ಮ ರೈತರಿಗೆ ಈ ತತ್ತ್ವವು ಅಪರಿಚಿತವಲ್ಲ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ಪದ್ಧತಿಯು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದುದು. ಕೂಲಿಯ ಹಣವು ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವ ಈ ಕಾಲದಲ್ಲಿ, ಗ್ರಾಮದ ಮುಖಂಡರೂ ಹಿಡುವಳಿದಾರರೂ ಮನಸ್ಸು ಮಾಡಿದರೆ ಅದಕ್ಕೆ ಹೊಸ ನೆಲೆಯನ್ನು ಕಲ್ಪಿಸಬಹುದು. ನೀರಿನ ಅನುಕೂಲವುಳ್ಳ ಒಂದೆಕರೆ ಜಮೀನನ್ನು ದೊಡ್ಡ ಹಿಡುವಳಿದಾರರೊಬ್ಬರು ಅಲ್ಪ ಗೇಣಿಗೆ ಬಿಟ್ಟುಕೊಟ್ಟರೆ, ದಾರಿಗೂ ತೊಟ್ಟಿಗೂ ಗೊಬ್ಬರದ ಗುಂಡಿಗೂ ಹತ್ತು ಗುಂಟೆಗಳನ್ನು ಬಿಟ್ಟು, ಉಳಿದುದರಲ್ಲಿ ನೆಲವಿಲ್ಲದ ಹನ್ನೆರಡು ಸಂಸಾರಗಳಿಗೆ ಎರಡೂವರೆ ಗುಂಟೆಯ ತುಂಡುಗಳು ದೊರೆಯುವುವು. ಗೇಣಿಯ ಕರಾರು ಬರೆಹದಲ್ಲಿರತಕ್ಕದ್ದು. ನೀರಿನ ಸರದಿಯನ್ನು ಮೊದಲೇ ಗೊತ್ತುಮಾಡತಕ್ಕದ್ದು. ಬೇಲಿಯ ಕೆಲಸಕ್ಕೆ ತಿಂಗಳಿಗೊಂದು ದಿನವನ್ನು ಎಲ್ಲರೂ ಮೀಸಲಿಡತಕ್ಕದ್ದು. ಬೀಡುಬಿಟ್ಟ ತುಂಡನ್ನು ಎಚ್ಚರಿಕೆಯ ನಂತರ ಬೇರೆಯವರಿಗೆ ವಹಿಸತಕ್ಕದ್ದು. ವರ್ಷಕ್ಕೊಮ್ಮೆ ಊರ ಜಾತ್ರೆಯಲ್ಲಿ ಆ ತೋಟದ ಬದನೆ, ಅವರೆ, ಕುಂಬಳಗಳನ್ನು ಪ್ರದರ್ಶನಕ್ಕಿಟ್ಟು ಉತ್ತಮವಾದುವಕ್ಕೆ ಬಹುಮಾನ ಕೊಟ್ಟರೆ ಬೆಳೆದವರ ಉತ್ಸಾಹವು ಇಮ್ಮಡಿಯಾಗುವುದು. ಇದರಿಂದ ಹನ್ನೆರಡು ಮನೆಗಳಿಗೆ ಕಾಯಿಪಲ್ಲೆ ಒದಗುವುದಲ್ಲದೆ, ಊರಿನ ಸಣ್ಣ ಪುಟ್ಟ ವ್ಯಾಜ್ಯಗಳು ಚಾವಡಿಯ ಮೆಟ್ಟಿಲು ಹತ್ತುವ ಮುಂಚೆಯೇ ತೊಟ್ಟಿಯ ಬಳಿಯ ಮಾತಿನಲ್ಲಿ ಬಗೆಹರಿಯುವ ಸಂಭವವೂ ಉಂಟು.