ಸುಂಕದವನ ಮುಂದೆ ಸುಖದುಃಖ

“ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೇಳಿಕೊಂಡು ಫಲವಿಲ್ಲದ ಕಡೆ ಹೇಳಿಕೊಳ್ಳುವವನ ಪಾಡನ್ನು ಇಷ್ಟು ಅಡಕವಾಗಿ ಇನ್ನೊಂದು ಮಾತು ತಿಳಿಸಲಾರದು. ಈ ಗಾದೆ ಹುಟ್ಟಬೇಕಾದರೆ ನಮ್ಮ ಹಿರಿಯರು ಎಷ್ಟು ಕಟ್ಟೆಗಳ ಮುಂದೆ, ಎಂತಹ ಬಿಸಿಲಿನಲ್ಲಿ, ಹೇರೆತ್ತಿನ ಹಗ್ಗ ಹಿಡಿದು ನಿಂತಿರಬೇಕು! ಈಗ ಒಳನಾಡಿನ ಹಾದಿಗಳಲ್ಲಿ ಆ ಕಟ್ಟೆಗಳಿಲ್ಲ. ರಾಜ್ಯ ರಾಜ್ಯಗಳ ನಡುವಣ ಸರಕಿನ ಕಾಗದಪತ್ರಗಳು ಗಣಕಯಂತ್ರವನ್ನು ಸೇರಿವೆ. ದೇಶ ದೇಶಗಳ ನಡುವಣವೂ ಒಂದೊಂದಾಗಿ ಸೇರುತ್ತಿವೆ. ವಾಣಿಜ್ಯ ನನ್ನ ವಿಷಯವಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಆದರೂ ಶಾಸನಗಳ ಪಾಠ ಬಂದಾಗಲೆಲ್ಲ ಸುಂಕದ ಮಾತು ಬಂದೇ ಬರುತ್ತದೆ. ಕಟ್ಟೆ ಹೋದ ಮೇಲೆ ಗಾದೆಯೂ ಹೋಯಿತೆ ಎಂಬ ಪ್ರಶ್ನೆಯನ್ನು ಕೇಳುವ ಅಧಿಕಾರ ಅಷ್ಟರಮಟ್ಟಿಗೆ ಕನ್ನಡದ ಮೇಷ್ಟರಿಗೂ ಉಂಟೆಂದು ನನ್ನ ಭಾವನೆ.

ಈ ಪ್ರಶ್ನೆಗೆ ನಮ್ಮ ಕೊಪ್ಪಳ ಸೀಮೆಗಿಂತ ತಕ್ಕ ನೆಲ ಮತ್ತೊಂದಿಲ್ಲ. ಗಂಗಾವತಿ ತಾಲ್ಲೂಕಿನ ಅಂಚಿನಲ್ಲಿ, ತುಂಗಭದ್ರೆಯ ಕವಲುಗಳ ನಡುವೆ ವಿರೂಪಾಪುರಗಡ್ಡೆಯಿದೆ. ಪ್ರವಾಸಿಗರ ತಂಗುಮನೆಗಳಿಗಾಗಿ ಹೆಸರಾಗಿ, 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ ಆ ಮನೆಗಳು ತೆರವಾದುದರಿಂದ ಪತ್ರಿಕೆಗಳಲ್ಲಿ ಸುದ್ದಿಯಾದ ನಡುಗಡ್ಡೆ ಇದೇ. ಅಲ್ಲಿ ನಿಂತರೆ ಎದುರು ದಡದಲ್ಲಿ ಹಂಪೆಯ ವಿರೂಪಾಕ್ಷನ ಗೋಪುರ, ಹೊಳೆಯುದ್ದಕ್ಕೆ ಕೆಳಗೆ ಸಾಗಿದರೆ ಆನೆಗೊಂದಿ, ಅದರಾಚೆ ಕಡೆಬಾಗಿಲು. ಊರಿನ ಹೆಸರಿನಲ್ಲಿಯೇ ಬಾಗಿಲಿದೆ. ವಿಠ್ಠಲ ದೇವಾಲಯದ ಸಮೀಪದಲ್ಲಿ ಹಳೆಯ ಕಲ್ಲುಸೇತುವೆಯ ಕಂಬಗಳು ಇಂದಿಗೂ ನೀರಿನಲ್ಲಿ ನಿಂತಿವೆ. ದಾಟುವುದು, ತಡೆಯುವುದು, ತಡೆದು ಕೇಳುವುದು—ಈ ಮೂರೂ ಈ ಹೊಳೆಯ ಚರಿತ್ರೆ.

1443ರಲ್ಲಿ ಈ ರಾಜಧಾನಿಗೆ ದೂರದ ಅತಿಥಿಯೊಬ್ಬನು ಬಂದನು. ಅವನು ಅಬ್ದುರ್ ರಜಾಕ್. ಹೆರಾತಿನಲ್ಲಿದ್ದ ತೈಮೂರನ ಮಗ ಶಾರುಖನ ರಾಯಭಾರಿ. ಮಧ್ಯ ಏಷ್ಯದ ಆ ಸೀಮೆಯಿಂದ ಹೊರಟು, ಹೊರ್ಮುಜಿನಲ್ಲಿ ಹಡಗು ಹತ್ತಿ, ಕಲ್ಲಿಕೋಟೆಯಲ್ಲಿ ಇಳಿದು, ಇಮ್ಮಡಿ ದೇವರಾಯನ ಆಸ್ಥಾನವನ್ನು ಸೇರಿದನು. ಅವನ ಬರವಣಿಗೆಯಲ್ಲಿ ವಿಜಯನಗರದ ವೈಭವದ ವರ್ಣನೆಯನ್ನು ಎಲ್ಲರೂ ಬಲ್ಲರು. ನನ್ನ ಗಮನವನ್ನು ಸೆಳೆಯುವುದು ಕಲ್ಲಿಕೋಟೆಯ ಸುಂಕದ ಮನೆಯನ್ನು ಕುರಿತ ಕೆಲವೇ ಸಾಲುಗಳು. ವರ್ತಕನು ಸರಕನ್ನು ಇಳಿಸಿದರೆ ಸುಂಕದವರೇ ಅದಕ್ಕೆ ಹಗಲಿರುಳು ಕಾವಲಿರುತ್ತಿದ್ದರಂತೆ. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ. ಮಾರಾಟವಾಗದಿದ್ದರೆ ಏನೂ ಇಲ್ಲ. ವಿಧಾನದ ಸರಳೀಕರಣವೆಂದು ಇಂದು ದೊಡ್ಡ ಸಭೆಗಳಲ್ಲಿ ಚರ್ಚಿಸುವ ವಿಷಯದ ತಿರುಳೆಲ್ಲ ಇಷ್ಟರಲ್ಲಿದೆ. ದರ ಮೊದಲೇ ಗೊತ್ತು. ಕೊಡುವ ಹೊತ್ತು ಗೊತ್ತು. ಕೇಳುವವನಿಗೂ ಒಂದು ಹೊಣೆಯುಂಟು.

ಇದಕ್ಕೆ ಎದುರಾದ ಚಿತ್ರವನ್ನು ಮುಂದಿನ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ನಾಗಲಾಪುರ, ಎಂದರೆ ಇಂದಿನ ಹೊಸಪೇಟೆಯ ದಾರಿಯಲ್ಲಿದ್ದ ಮುಖ್ಯದ್ವಾರವನ್ನು ವರ್ಷಕ್ಕೆ 12,000 ಪರ್ದಾವುಗಳಿಗೆ ಗುತ್ತಿಗೆ ಕೊಡಲಾಗುತ್ತಿತ್ತು. ಗುತ್ತಿಗೆದಾರರು ಕೇಳಿದಷ್ಟನ್ನು ಕೊಡದೆ ನಾಡವರಾಗಲಿ ಪರದೇಶಿಗಳಾಗಲಿ ಒಳಗೆ ಕಾಲಿಡುವಂತಿರಲಿಲ್ಲ. ದಿನವೊಂದಕ್ಕೆ 2,000 ಹೇರೆತ್ತುಗಳು ಬರುತ್ತಿದ್ದವು, ಒಂದೊಂದಕ್ಕೂ ಸುಂಕ. ಕೋಡಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲ. ಕಾರಣವನ್ನು ನೂನಿಜ್ ಹೇಳುವುದಿಲ್ಲ. ನಿಯಮ ಕಣ್ಣಿಗೆ ಕಾಣುವಂತಹುದು. ಅದರ ಹಿಂದಿನ ನ್ಯಾಯ ಮಾತ್ರ ಹೊರೆ ಹೊತ್ತವನಿಗೆ ಕಾಣುವಂತಹುದಲ್ಲ. ಈ ಬೋಳೆತ್ತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೊಮ್ಮೆ ಎದುರಾಗುತ್ತದೆ.

ಕನ್ನಡ ನುಡಿಯ ಒಳಗೂ ಈ ಕಟ್ಟೆಗಳು ಹುದುಗಿವೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳೂ ಅವುಗಳನ್ನು ನೋಡಿಕೊಳ್ಳುವ ಸುಂಕವೆರ್ಗಡೆಯೂ ಬರುತ್ತಾರೆ. ‘ಸುಂಕ’ವು ಸಂಸ್ಕೃತದ ಶುಲ್ಕದಿಂದ ಬಂದರೆ, ‘ಜಕಾತಿ’ ಅರಬ್ಬಿಯಿಂದ ಬಂದಿತು, ‘ರಹದಾರಿ’ ಪಾರಸಿಯಿಂದ. ರಾಹ್ ಎಂದರೆ ಹಾದಿ, ಹಾದಿಕಾಯುವವನು ರಾಹದಾರ. ರಜಾಕನ ನುಡಿ ಪಾರಸಿಯೇ. ಒಂಟೆಯ ಸಾಲುಗಳ ಹಾದಿಯಲ್ಲಿ ಬಳಕೆಯಾದ ಮಾತು ನಮ್ಮ ಎತ್ತಿನ ಬಂಡಿಯ ಹಾದಿಗೂ ಬಂದು ಉಳಿಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನಿದ್ದನು. ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವಕ್ಕೆ ತಿರುಗಿಸಿ ವಚನಗಳನ್ನು ರಚಿಸಿದನು. ಸುಂಕದವನಿಗೂ ಸುಖದುಃಖಗಳುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇತ್ತ ತುಂಗಭದ್ರೆಯ ತಡಿಯಲ್ಲಿ ಬಾಳಿದ ಪುರಂದರದಾಸರು ಹರಿನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿ, ಎಲ್ಲಿಗೆ ಒಯ್ದರೂ ಬಾಡಿಗೆ ಸುಂಕಗಳಿಲ್ಲದ ಸರಕು ಅದೊಂದೇ ಎಂಬ ಅರ್ಥದಲ್ಲಿ ಹಾಡಿದರು. ಕೇಳುತ್ತಿದ್ದ ಜನಕ್ಕೆ ಸುಂಕವಿಲ್ಲದ ಸರಕೆಂಬುದು ಎಷ್ಟು ದೊಡ್ಡ ಆಕರ್ಷಣೆಯಾಗಿದ್ದಿರಬೇಕು!

ವಿಜಯನಗರದ ತರುವಾಯವೂ ಹೊಳೆಯ ಮೇಲಿನ ಗಡಿ ಅಳಿಯಲಿಲ್ಲ, ಗಟ್ಟಿಯಾಯಿತು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತು. ಗಂಗಾವತಿ, ಕುಷ್ಟಗಿಗಳು ನಿಜಾಮರ ರಾಯಚೂರು ಜಿಲ್ಲೆಯಲ್ಲಿ ಉಳಿದವು. ಕೊಪ್ಪಳ, ಯಲಬುರ್ಗಾಗಳು ಅದೇ ಸಂಸ್ಥಾನದೊಳಗೆ ಸಾಲಾರ್ ಜಂಗರ ಜಹಗೀರಾದವು. ವಿರೂಪಾಕ್ಷನ ಗೋಪುರ ಮದರಾಸಿನದು. ಆ ಹೆಸರನ್ನೇ ನೆನಪಿಸುವ ಗಡ್ಡೆ ಹೈದರಾಬಾದಿನದು. ಕಂಪನಿ ಸರ್ಕಾರವೂ ನಿಜಾಮರೂ 1802ರಲ್ಲಿ ಮಾಡಿಕೊಂಡ ವಾಣಿಜ್ಯ ಒಪ್ಪಂದದಲ್ಲಿ ಸುಂಕವನ್ನು ನೂರಕ್ಕೆ 5ರಂತೆ ಗೊತ್ತುಮಾಡಿದ್ದರು. ಸಂಸ್ಥಾನದಲ್ಲಿ ಇದನ್ನು ವಸೂಲು ಮಾಡುವ ಇಲಾಖೆಗೆ ಕರೋಡಗಿರಿಯೆಂದು ಹೆಸರು. ನಾಣ್ಯವೂ ಬೇರೆ: ಈಚೆ ಹಾಲಿ ಸಿಕ್ಕಾ, ಆಚೆ ಕಲ್ದಾರ್, ಸುಮಾರಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ಎರಡೂ ದಡದವರ ಮಾತು ಒಂದು, ದೇವರು ಒಂದು, ಜಾತ್ರೆ ಒಂದು. ಲೆಕ್ಕದ ಪುಸ್ತಕಗಳು ಮಾತ್ರ ಎರಡು. ಇದೇ ಹೊಳೆಗೆ ಕಟ್ಟಿದ ಅಣೆಕಟ್ಟಿನ ಕೆಲಸವನ್ನೂ 1945ರಲ್ಲಿ ಎರಡು ಸರ್ಕಾರಗಳು ಎರಡು ದಡದಲ್ಲಿ ಆರಂಭಿಸಬೇಕಾಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದೊಡನೆ ಸೇರಿತು. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಬಂದವು. ಆದರೂ ಊರಿನ ಹೊರಗೆ ಜಕಾತಿಯ ನಾಕಾ ಇನ್ನೂ ಕೆಲವು ಕಾಲ ಉಳಿದು 1979ರಲ್ಲಿ ರದ್ದಾಯಿತು. ರಾಜ್ಯದ ಗಡಿಗಳಲ್ಲಿ ತೆರಿಗೆಯ ತನಿಖಾ ಠಾಣೆಗಳು ಅದಕ್ಕೂ ಬಹುಕಾಲ ಬಾಳಿದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಆ ಠಾಣೆಗಳ ಕಂಬವೂ ಮೇಲೆದ್ದಿತು. ಅಂದಿನಿಂದ ಗಂಗಾವತಿಯ, ಕಾರಟಗಿಯ ಗಿರಣಿಗಳಿಂದ ಅಕ್ಕಿ ಹೊತ್ತು ಹೊರಟ ಲಾರಿ, ಮಹಾರಾಷ್ಟ್ರಕ್ಕೋ ತಮಿಳುನಾಡಿಗೋ ಗಡಿಯಲ್ಲಿ ತೆರಿಗೆಯ ಸಾಲಿನಲ್ಲಿ ನಿಲ್ಲದೆ ಸಾಗುತ್ತದೆ. ಇದು ಸಣ್ಣ ಲಾಭವಲ್ಲ. ರಾತ್ರಿಯಿಡೀ ಠಾಣೆಯ ಬಳಿ ಲಾರಿಯ ಕೆಳಗೆ ಮಲಗಿದ ಚಾಲಕರನ್ನು ಕಂಡವರು ಅದನ್ನು ಅಲ್ಲಗಳೆಯಲಾರರು.

ಕಟ್ಟೆಯ ಎಡೆಯಲ್ಲಿ ಈಗ ಇ-ವೇ ಬಿಲ್ ಎಂಬ ಸಾಗಣೆ ಚೀಟಿಯಿದೆ. 2018ರ ಏಪ್ರಿಲ್ 1ರಂದು ರಾಜ್ಯ ರಾಜ್ಯಗಳ ನಡುವಣ ಸಾಗಣೆಗೆ ಇದು ದೇಶದಲ್ಲೆಲ್ಲ ಜಾರಿಯಾಯಿತು. ಅಂದೇ ರಾಜ್ಯದೊಳಗಣ ಸಾಗಣೆಗೂ ಜಾರಿಮಾಡಿದ ಮೊದಲ ರಾಜ್ಯ ಕರ್ನಾಟಕ. ತೆರಿಗೆಗೊಳಪಟ್ಟ ಸರಕು 50,000 ರೂಪಾಯಿಗಳನ್ನು ಮೀರಿದರೆ, ಹೊರಡುವ ಮೊದಲೇ ಯಾರಿಂದ, ಯಾರಿಗೆ, ಏನು, ಯಾವ ವಾಹನದಲ್ಲಿ ಎಂಬುದನ್ನು ಗಣಕಯಂತ್ರದಲ್ಲಿ ದಾಖಲಿಸಿ ಒಂದು ಸಂಖ್ಯೆಯನ್ನು ಪಡೆಯಬೇಕು. ಚೀಟಿಗೆ ಆಯುಸ್ಸೂ ಉಂಟು: ಮೊದಲು 100 ಕಿಲೋಮೀಟರಿಗೆ ಒಂದು ದಿನವಿದ್ದುದು 2021ರಿಂದ 200 ಕಿಲೋಮೀಟರಿಗೆ ಒಂದು ದಿನವಾಯಿತು. ಕಟ್ಟೆಯೇನೋ ಹಾದಿಯಿಂದ ಹೋಯಿತು. ಆದರೆ ಅದು ವರ್ತಕನ ಮೇಜಿನ ಮೇಲೆಯೇ ಬಂದು ಕುಳಿತಿತೆಂದರೆ ಹೆಚ್ಚು ಸರಿ. ಹಿಂದೆ ಸುಂಕದವನು ಸರಕನ್ನು ನೋಡಿ ಲೆಕ್ಕ ಬರೆಯುತ್ತಿದ್ದನು; ಈಗ ವರ್ತಕನೇ ಬರೆದುಕೊಡುತ್ತಾನೆ. ತಪ್ಪಿದರೆ ಹೊಣೆಯೂ ಅವನದೇ.

ಈ ಹೊಣೆ ಎಷ್ಟು ಭಾರವೆಂಬುದನ್ನು ನನಗೆ ತಿಳಿಸಿದವನು ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿರುವ ನನ್ನ ಹಳೆಯ ವಿದ್ಯಾರ್ಥಿ. “ಸರ್, ನೀವು ಕಾಗುಣಿತದ ತಪ್ಪಿಗೆ ಒಂದು ಅಂಕ ಕಳೀತಿದ್ರಿ. ಇಲ್ಲಿ ಒಂದು ಅಂಕಿ ತಪ್ಪಿದರ ಲಾರೀನ ನಿಂದರತೈತ್ರಿ,” ಎಂದನು. ತಪ್ಪು ವಂಚನೆಯೆಂದು ಕಂಡರೆ ಸರಕನ್ನು ತಡೆದು, ತೆರಿಗೆಯ ಎರಡರಷ್ಟು ದಂಡ ಹಾಕುವ ಅಧಿಕಾರ ಕಾನೂನಿನಲ್ಲಿದೆ. ಯಂತ್ರಕ್ಕೆ ಕೈತಪ್ಪೂ ಕಪಟವೂ ಒಂದೇ ಬಗೆಯಾಗಿ ಕಾಣುತ್ತವೆ. ಈ ತೊಡಕನ್ನು ಸರ್ಕಾರವೂ ಕಂಡುಕೊಂಡಿತು. 2018ರ ಸೆಪ್ಟೆಂಬರ್ 14ರ ಸುತ್ತೋಲೆಯಲ್ಲಿ, ವಾಹನದ ಸಂಖ್ಯೆಯಲ್ಲಿ ಒಂದೆರಡು ಅಂಕೆ ತಪ್ಪಿದ್ದರೆ, ಹೆಸರಿನ ಕಾಗುಣಿತ ತಪ್ಪಿದ್ದರೆ, ಇಂತಹ ಸಣ್ಣ ತಪ್ಪುಗಳಿಗೆ ಕೇಂದ್ರಕ್ಕೆ 500, ರಾಜ್ಯಕ್ಕೆ 500 ರೂಪಾಯಿಗಳ ದಂಡವಷ್ಟೇ ಸಾಕೆಂದು ತಿಳಿಸಲಾಯಿತು. ನನ್ನ ದೃಷ್ಟಿಯಲ್ಲಿ, ಆ ಗಣಕ ವ್ಯವಸ್ಥೆಯಷ್ಟೇ ಬೆಲೆಯುಳ್ಳದ್ದು ಈ ಒಂದು ಸುತ್ತೋಲೆ. ಸುಂಕದವನು ಕೊನೆಗೂ ಸುಖದುಃಖವನ್ನು ಕೇಳಿದ ದಿನ ಅದು.

ಇನ್ನು ಬೋಳೆತ್ತಿನ ಮಾತು. 2022ರ ಜುಲೈ 18ರಿಂದ, 25 ಕಿಲೋವರೆಗಿನ ಚೀಲದಲ್ಲಿ ಮೊದಲೇ ತುಂಬಿ ಚೀಟಿ ಹಚ್ಚಿದ ಅಕ್ಕಿಗೆ ನೂರಕ್ಕೆ 5ರ ತೆರಿಗೆ ಬಿದ್ದಿತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅಂಗಡಿಗಳಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡವು! ಅಕ್ಕಿ ಅದೇ, ಗಿರಣಿ ಅದೇ, ಉಣ್ಣುವ ಬಾಯಿಯೂ ಅದೇ. ಕೋಡು ಮಾತ್ರ ಇಲ್ಲ. ಯಂತ್ರದ ವೇಗದಿಂದ ನಿಯಮ ಸರಳವಾಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ವಿಚಿತ್ರವಾದ ನಿಯಮವನ್ನು ಯಂತ್ರಕ್ಕೆ ಕೊಟ್ಟರೆ ಅದು ವಿಚಿತ್ರವನ್ನೇ ಬೇಗನೆ ನಡೆಸಿಕೊಡುತ್ತದೆ.

ದೇಶದ ಗಡಿಯನ್ನು ದಾಟುವ ಸರಕಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಜಾಗತಿಕ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆಯ ಒಪ್ಪಂದ 2017ರ ಫೆಬ್ರವರಿ 22ರಂದು ಜಾರಿಗೆ ಬಂದಿತು. ಹಲವು ಇಲಾಖೆಗಳ ಒಪ್ಪಿಗೆಯನ್ನು ಒಂದೇ ಕಿಟಕಿಯಲ್ಲಿ ಪಡೆಯುವ ವ್ಯವಸ್ಥೆಯನ್ನು ಭಾರತದ ಸುಂಕ ಇಲಾಖೆ 2016ರಲ್ಲಿಯೇ ತೆರೆದಿತ್ತು. ಆದರೆ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೇ ನಿಷೇಧಿಸಿದಾಗ ಕಿಟಕಿ ತೆರೆದಿದ್ದು ಏನು ಪ್ರಯೋಜನ? ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು. ದೇಶದ ಅನ್ನಕ್ಕಾಗಿ ಬಾಗಿಲು ಮುಚ್ಚುವುದು ಸರ್ಕಾರದ ಹಕ್ಕು. ಅದು ಬೇರೆಯ ಚರ್ಚೆ. ಹಾದಿಯ ಸುಗಮತೆಯೆಂದರೆ ಬರಿಯ ವೇಗವಲ್ಲ, ನಾಳೆಯೂ ಹಾದಿ ಇರುತ್ತದೆಂಬ ಭರವಸೆಯೂ ಹೌದೆಂಬುದಷ್ಟೇ ನನ್ನ ಮಾತು.

ರಜಾಕನು ಹೊರಟು ಬಂದ ಮಧ್ಯ ಏಷ್ಯದಲ್ಲಿ ಈ ಪ್ರಶ್ನೆ ಇನ್ನೂ ತೀವ್ರ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ, ನಿನ್ನೆಯವರೆಗೆ ಒಂದೇ ನಾಡಾಗಿದ್ದುದು ಐದು ದೇಶಗಳಾಯಿತು. ಫರ್ಗಾನಾ ಕಣಿವೆಯೊಂದೇ ಮೂರು ದೇಶಗಳಿಗೆ ಹಂಚಿಹೋಯಿತು. ಉಜ್ಬೇಕಿಸ್ತಾನದಿಂದ ಸಾಗರವನ್ನು ಮುಟ್ಟಬೇಕಾದರೆ ಕಡಿಮೆಯೆಂದರೂ ಎರಡು ದೇಶಗಳನ್ನು ದಾಟಬೇಕು. ಅಂತಹ ನಾಡಿಗೆ ಗಡಿಯ ಒಂದು ದಿನದ ವಿಳಂಬವೂ ದುಬಾರಿ. ಕಝಾಕಿಸ್ತಾನವು ವಿಶ್ವಸಂಸ್ಥೆಯ ನೆರವಿನ ಗಣಕ ವ್ಯವಸ್ಥೆಯೊಂದರ ಆಧಾರದ ಮೇಲೆ ‘ಆಸ್ತಾನಾ-1’ ಎಂಬ ಸುಂಕದ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. ಮೊಹರು ಹಾಕಿದ ಲಾರಿ ಒಂದೇ ರಹದಾರಿಯ ಮೇಲೆ ಹಲವು ದೇಶಗಳನ್ನು ದಾಟುವ ಟಿಐಆರ್ ಒಪ್ಪಂದವುಂಟು. ಭಾರತವೂ 2017ರಲ್ಲಿ ಅದನ್ನು ಸೇರಿತು. ಏಷ್ಯ ಮತ್ತು ಪೆಸಿಫಿಕ್ ದೇಶಗಳ ನಡುವೆ ಕಾಗದರಹಿತ ವ್ಯಾಪಾರಕ್ಕಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಆದ ಒಪ್ಪಂದ 2021ರ ಫೆಬ್ರವರಿಯಲ್ಲಿ ಜಾರಿಗೆ ಬಂದಿದೆ. ಎಲ್ಲವೂ ಒಳ್ಳೆಯವೇ. ಆದರೂ ಗಡಿಯಲ್ಲಿ ಏಪ್ರಿಕಾಟ್ ಹಣ್ಣಿನ ಬುಟ್ಟಿ ಹಿಡಿದು ನಿಂತ ರೈತನಿಗೂ ನಮ್ಮ ಕಾರಟಗಿಯ ಗುಮಾಸ್ತನಿಗೂ ಬೇಕಾದುದು ಒಂದೇ. ಕೊಡಬೇಕಾದುದೆಷ್ಟೆಂದು ಮುಂಚೆಯೇ ತಿಳಿಯಬೇಕು. ತಿಳಿಯುವ ಭಾಷೆ ತನ್ನದಾಗಿರಬೇಕು. ಕೈತಪ್ಪಾದಾಗ ಕೇಳುವ ಕಿವಿಯೊಂದಿರಬೇಕು.

ಮೊದಲನೆಯದನ್ನು ಯಂತ್ರ ನಡೆಸಿಕೊಡಬಲ್ಲದು. ಅದರಲ್ಲಿ ಅದು ಕಲ್ಲಿಕೋಟೆಯ ಸುಂಕದ ಮನೆಗೆ ಸಮಾನ. ಮೂರನೆಯದು ಅಧಿಕಾರದಲ್ಲಿರುವವರ ಮನಸ್ಸಿಗೆ ಬಿಟ್ಟದ್ದು. ಎರಡನೆಯದು ಮಾತ್ರ ನಮ್ಮಂಥವರ ಪಾಲಿನ ಕೆಲಸ. ಸುಂಕದ ದತ್ತಿಯನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಕೆತ್ತಿಸಿ, ಹಾದುಹೋಗುವವರಿಗೆಲ್ಲ ಕಾಣುವಂತೆ ನಿಲ್ಲಿಸಿದ ನಾಡು ಇದು. ಇಂದು ರಫ್ತಿನ ಶಿಪ್ಪಿಂಗ್ ಬಿಲ್ಲಿನ ಭಾಷೆ ಇಂಗ್ಲಿಷ್. ಹೊಲ ಗಿರಣಿಗಳ ಭಾಷೆ ಕನ್ನಡ. ನಡುವೆ ನಿಂತವನು ಆ ಗುಮಾಸ್ತ. ಅವನಿಗೆ ನಾವು ಪೆರ್ಜುಂಕ, ಬಿಲ್ಕೊಡೆಗಳ ಅರ್ಥವನ್ನು ಹೇಳಿಕೊಟ್ಟೆವು. ಅವನು ದಿನವೂ ತುಂಬುವ ನಮೂನೆಯ ಹತ್ತು ಮಾತುಗಳಿಗೆ ಕನ್ನಡವನ್ನು ಹೇಳಿಕೊಡಲಿಲ್ಲ. ಸುಂಕ, ಸರಕು, ಸಾಗಣೆ, ರಹದಾರಿ, ಪರವಾನಗಿ, ರಸೀದಿ—ಮಾತುಗಳಿಗೆ ಬಡತನವಿಲ್ಲ. ಜನರ ಬಾಯಲ್ಲಿ ಅವು ಸವೆದು ನುಣುಪಾಗಿವೆ. ಅವುಗಳನ್ನು ನಮೂನೆಗಳೊಳಕ್ಕೆ ತರುವ ಕೆಲಸವನ್ನು ವಿಶ್ವವಿದ್ಯಾಲಯಗಳೂ ಕಾಲೇಜುಗಳ ಕನ್ನಡ ವಿಭಾಗಗಳೂ ಕೈಗೆತ್ತಿಕೊಂಡು, ಗಿರಣಿಯವರನ್ನೂ ತೆರಿಗೆಯ ಅಧಿಕಾರಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು. ಬಿ.ಎ. ತರಗತಿಯ ಪ್ರಯೋಜನಮೂಲಕ ಕನ್ನಡದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋರದು. ಬರುವ ವರ್ಷ ನನ್ನ ತರಗತಿಯಲ್ಲಿ, ಸುಂಕದ ಶಾಸನವೊಂದರ ಪಕ್ಕದಲ್ಲಿ ಒಂದು ಇ-ವೇ ಬಿಲ್ಲನ್ನೂ ಇಟ್ಟು ಓದಿಸಬೇಕೆಂದಿದ್ದೇನೆ.