ಸೂಜಿ ಹಾಕಿದರೂ ಜೋಮು ಹಿಡಿಯದ ಹಲ್ಲು

ಹಲ್ಲುನೋವೆಂಬುದು ರಾತ್ರಿಯ ಪಾಳಿಯನ್ನೂ ನೋಡದು, ತಿಂಗಳ ಕೊನೆಯನ್ನೂ ನೋಡದು. ಅರ್ಧ ದಿನದ ರಜೆ ಬೇಡಿ ಪಡೆದು, ದಂತವೈದ್ಯರ ಕುರ್ಚಿಯಲ್ಲಿ ಕುಳಿತು, ದವಡೆಗೆ ಸೂಜಿ ಹಾಕಿಸಿಕೊಂಡ ಮೇಲೂ ಇಕ್ಕುಳ ತಾಗಿದೊಡನೆ ಕೆಲವರಿಗೆ ಪ್ರಾಣ ಹೋದಂತಾಗುವುದುಂಟು. ಆಗ ಅವರ ಕಿವಿಗೆ ಬೀಳುವ ಮಾತು, “ಹೆದರಿಕೆ ಅಷ್ಟೆ, ನೋವಿಲ್ಲ” ಎಂಬುದು. ಈ ಮಾತು ಎಲ್ಲ ವೇಳೆಯಲ್ಲಿಯೂ ನಿಜವಲ್ಲ.

ಇಂದು ಹೆಚ್ಚಾಗಿ ಬಳಸುವ ಲಿಗ್ನೋಕೇನನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಸಿದ್ಧಪಡಿಸಿದರು. ಅವರ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. ನರದ ಪೊರೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಅವು ತೆರೆದರೆ ನೋವಿನ ಸುದ್ದಿ ಮಿದುಳಿಗೆ ಸಾಗುತ್ತದೆ. ಔಷಧವು ಅವುಗಳನ್ನು ಮುಚ್ಚುತ್ತದೆ. ಆ ಬಾಗಿಲುಗಳ ರಚನೆ ತಂದೆತಾಯಿಯರಿಂದ ಬಂದ ವಂಶವಾಹಿಗಳ ಆಜ್ಞೆಯಂತೆ ನಡೆಯುವುದು. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಇಂಥ ಒಂದು ವಂಶವಾಹಿ ಕೆಟ್ಟುಹೋಗಿದ್ದುದನ್ನು 2006ರಲ್ಲಿ ಕಂಡುಹಿಡಿದರು. ಅಲ್ಲಿಯ ಹುಡುಗನೊಬ್ಬನು ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚೂರಿ ಚುಚ್ಚಿಕೊಂಡು ಪ್ರದರ್ಶನ ನೀಡುತ್ತಿದ್ದನು. ನೋವೆಂಬುದನ್ನೇ ಅವನು ಅರಿಯನು. ಪಾಪ, ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

ಇದು ಅಪರೂಪದ ಸಂಗತಿಯಾಯಿತು. ಅಮೆರಿಕದ ಲೂಯಿವಿಲ್ ನಗರದಲ್ಲಿ ಕೆಂಗೂದಲಿನ 30 ಮಂದಿ ಸ್ತ್ರೀಯರನ್ನೂ ಕಪ್ಪುಗೂದಲಿನ 30 ಮಂದಿಯನ್ನೂ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ಚರ್ಮದಡಿ ಚುಚ್ಚಿದ ಲಿಗ್ನೋಕೇನ್ ಕೆಂಗೂದಲಿನವರಲ್ಲಿ ಕಡಿಮೆ ಫಲ ನೀಡಿತು. ಕೂದಲಿನ ಬಣ್ಣಕ್ಕೂ ನೋವಿಗೂ ಒಂದೇ ವಂಶವಾಹಿಯ ಸಂಬಂಧವಿರುವುದು ಯಾರು ಊಹಿಸಿದ್ದ ಮಾತು? 2009ರ ಇನ್ನೊಂದು ಪರೀಕ್ಷೆಯಲ್ಲಿ ಅಂಥವರು ದಂತವೈದ್ಯರಿಗೆ ಹೆಚ್ಚು ಅಂಜುವರೆಂದೂ ಚಿಕಿತ್ಸೆಯನ್ನು ತಪ್ಪಿಸಿಕೊಳ್ಳುವರೆಂದೂ ಕಂಡುಬಂದಿತು. ಆದರೆ 2012ರಲ್ಲಿ ಕೆಳದವಡೆಯ ಸೂಜಿಯನ್ನೇ ಪರೀಕ್ಷಿಸಿದಾಗ ಅಂಜಿಕೆ ಹೆಚ್ಚಿದ್ದುದು ನಿಜವಾದರೂ ಜೋಮು ಹಿಡಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಎಲ್ಲವನ್ನೂ ವಂಶದ ತಲೆಗೆ ಕಟ್ಟುವುದು ಅವಸರದ ಮಾತು.

ನಮ್ಮ ದಕ್ಷಿಣದಲ್ಲಿ ಇದಕ್ಕೆ ವಿರುದ್ಧವಾದ ಸಂಗತಿಯೊಂದುಂಟು. ಹಿಂದೆ ಬಳಕೆಯಲ್ಲಿದ್ದ ಪ್ರೊಕೇನನ್ನು ರಕ್ತದಲ್ಲಿರುವ ಒಂದು ಕಿಣ್ವ ಕರಗಿಸುತ್ತದೆ. ವೈಶ್ಯ ಸಮಾಜದ ಹಲವರಲ್ಲಿ ಈ ಕಿಣ್ವ ತೀರ ಕಡಿಮೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2006ರಲ್ಲಿ ಗುರುತಿಸಲಾಯಿತು. ಲಿಗ್ನೋಕೇನ್ ಯಕೃತ್ತಿನಲ್ಲಿ ಕರಗುವುದರಿಂದ ಅದಕ್ಕೆ ಈ ತೊಡಕಿಲ್ಲ. ಭಯವಿರುವುದು ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್ ಕೋಲಿನ್ ಎಂಬ ಔಷಧದಿಂದ. ಅಂಥವರಿಗೆ ಸ್ವಂತ ಉಸಿರು ಮರಳಲು ಗಂಟೆಗಳೇ ಹಿಡಿದಾವು. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಇನ್ನು ನಿತ್ಯದ ಕಾರಣಗಳು ಸರಳವಾದವು. ನೋವು ಸಹಿಸುತ್ತ, ಲವಂಗ ಕಚ್ಚುತ್ತ ವಾರಗಟ್ಟಲೆ ದೂಡಿದ ಹಲ್ಲಿನ ಬುಡದಲ್ಲಿ ಕೀವು ತುಂಬಿದರೆ ಅಲ್ಲಿ ಆಮ್ಲತೆ ಹೆಚ್ಚಿ ಔಷಧ ನರದೊಳಕ್ಕೆ ಇಳಿಯದು. ಕೆಳದವಡೆಯ ಎಲುಬು ದಪ್ಪ. ನರದ ದಾರಿಯೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಹಿಂದಿನ ಸಲ ಸೂಜಿ ಹಿಡಿಯಲಿಲ್ಲವೆಂಬುದನ್ನು ಕುರ್ಚಿಯಲ್ಲಿ ಕುಳಿತೊಡನೆಯೇ ಸಂಕೋಚವಿಲ್ಲದೆ ಹೇಳಿದರೆ, ವೈದ್ಯರು ಇಕ್ಕುಳ ಎತ್ತುವ ಮುನ್ನ ಇನ್ನೊಂದು ಸ್ಥಳದಲ್ಲಿ ಸೂಜಿ ಹಾಕಿ ಕೆಲವು ನಿಮಿಷ ಕಾಯಬಲ್ಲರು.