ಗುಜರಿ ಮೇಜಿಗೆ ಮರುಹುಟ್ಟು

ಕಳೆದ ನವೆಂಬರದ ಒಂದು ಶನಿವಾರ ಪೇಟೆಯಿಂದ ಹಿಂತಿರುಗುವಾಗ ರಸ್ತೆ ಬದಿಯ ಗುಜರಿ ಅಂಗಡಿಯ ಮುಂದೆ ನಿಂತೆ. ತುಕ್ಕು ಹಿಡಿದ ಸರಳು, ಒಡೆದ ಬಕೆಟು, ಹಳೆಯ ಫ್ಯಾನುಗಳ ರಾಶಿಯ ನಡುವೆ ಮೇಜೊಂದು ನಾಲ್ಕು ಕಾಲುಗಳನ್ನೂ ಮೇಲಕ್ಕೆತ್ತಿ ಬಿದ್ದುಕೊಂಡಿತ್ತು. ಮೈಗೆಲ್ಲ ಹಸಿರು ಬಣ್ಣ. ಅದು ಅಲ್ಲಲ್ಲಿ ಎದ್ದುಹೋಗಿ ಅಡಿಯಿಂದ ನೀಲಿ ಇಣುಕುತ್ತಿತ್ತು. ಒಂದು ಕಾಲು ಅಲುಗಾಡುತ್ತಿತ್ತು.

"ಮಾಷೆ, ಯಾವುದೋ ಹಳೆಯ ಮನೆ ಕೆಡವಿದಾಗ ಬಂದದ್ದು. ಬೇಕಾದರೆ ಕೊಂಡುಹೋಗಿ. ಇಲ್ಲದಿದ್ದರೆ ವಿರಗಿಗೆ ಹೋಗುತ್ತದೆ" ಎಂದ ಅಂಗಡಿಯವನು. ವಿರಗು ಎಂದರೆ ಸೌದೆ ಎಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 900 ರೂಪಾಯಿ ಕೊಟ್ಟು ಮೇಜನ್ನು ರಿಕ್ಷಾ ಟೆಂಪೋದಲ್ಲಿ ಹೇರಿಸಿಕೊಂಡು ಬಂದೆ. ಮನೆಯವಳು ಅಂಗಳಕ್ಕೆ ಬಂದು ನೋಡಿ, "ಇಲ್ಲಿ ಇದ್ದ ಕಸ ಸಾಲಲಿಲ್ಲವೋ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಮಗಳು ಈ ವರ್ಷ ಎಸ್.ಎಸ್.ಎಲ್.ಸಿ. ಊಟದ ಮೇಜಿನಲ್ಲೇ ಓದುತ್ತಿದ್ದವಳು ಬಟ್ಟಲು ಬಂದಾಗಲೆಲ್ಲ ಪುಸ್ತಕ ಎತ್ತಿಕೊಂಡು ಏಳಬೇಕಿತ್ತು. ಹೊಸ ಮೇಜು ಕೊಳ್ಳೋಣವೆಂದರೆ, ಅಂಗಡಿಗಳಲ್ಲಿ ಕೈಗೆಟಕುವ ಬೆಲೆಗೆ ಸಿಗುವುದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ನೀರು ತಾಗಿತೆಂದರೆ ರೊಟ್ಟಿಯಂತೆ ಉಬ್ಬುತ್ತದೆ. ಮೇಜು ತಂದುದಕ್ಕೆ ಇದು ಹೇಳಿಕೊಳ್ಳಬಹುದಾದ ಕಾರಣ. ಇನ್ನೊಂದು ಕಾರಣವನ್ನು ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ.

ಒಂದು ಕುರ್ಚಿಯ ಕಥೆ

ನನ್ನ ತಂದೆಯವರೂ ಅಧ್ಯಾಪಕರೇ. ಜಗಲಿಯಲ್ಲಿ ಅವರದೊಂದು ಆರಾಮ ಕುರ್ಚಿ ಇತ್ತು. ಬೆತ್ತದ ಹೆಣಿಗೆ, ಉದ್ದನೆಯ ಕೈಗಳು. ನನಗೆ ಕೆಲಸ ಸಿಕ್ಕಿದ ವರ್ಷ ಮೊದಲ ಸಂಬಳದಲ್ಲಿ ಅದನ್ನು ಹೊಸದರಂತೆ ಮಾಡಿಕೊಡಬೇಕೆಂಬ ಉಮೇದು ಹುಟ್ಟಿತು. ಆಟಿ ತಿಂಗಳು, ಹೊರಗೆ ಜಡಿಮಳೆ. ಒಂದು ಡಬ್ಬಿ ಕಂದು ಇನಾಮೆಲ್ ಪೈಂಟ್ ತಂದು, ಹಳೆಯ ಪಾಲಿಶ್, ಎಣ್ಣೆ ಜಿಡ್ಡು, ತೇವ ಎಲ್ಲದರ ಮೇಲೆಯೇ ಬಳಿದುಬಿಟ್ಟೆ.

ಬಣ್ಣ ವಾರವಾದರೂ ಒಣಗಲಿಲ್ಲ. ತಂದೆಯವರು ಕುಳಿತು ಎದ್ದಾಗ ಅಂಗಿ ಅಂಟಿಕೊಂಡಿತು. ತಿಂಗಳೊಳಗೆ ಬಾಳೆಹಣ್ಣಿನ ಸಿಪ್ಪೆಯಂತೆ ಪದರ ಪದರವಾಗಿ ಎದ್ದಿತು. ಅದನ್ನು ಕೀಸಲು ಹೋಗಿ ಅಡುಗೆಮನೆಯ ಚೂರಿಯಿಂದ ಮರಕ್ಕೆ ಗಾಯ ಮಾಡಿದೆ. ಹಿಂದಿನ ಕಾಲೊಂದರಲ್ಲಿ ಹುಳ ಹಿಡಿದದ್ದು ಬಣ್ಣದ ಅಡಿಯಲ್ಲಿ ಮರೆಯಾಗಿ, ನನ್ನ ಕಣ್ಣಿಗೆ ಬೀಳಲೇ ಇಲ್ಲ. ಒಂದು ಸಂಜೆ ಆ ಕಾಲು ಮುರಿಯಿತು. ತಂದೆಯವರಿಗೆ ಪೆಟ್ಟಾಗಲಿಲ್ಲ, ದೇವರ ದಯೆ. ಬೈಯಲೂ ಇಲ್ಲ. "ಹಳೆಯದಾಗಿತ್ತು, ಬಿಡು" ಎಂದರು. ಆಮೇಲೆ ತೀರಿಕೊಳ್ಳುವ ತನಕವೂ ಜಗಲಿಯ ದಂಡೆಯ ಮೇಲೆಯೇ ಕುಳಿತು ಪೇಪರು ಓದುತ್ತಿದ್ದರು. ಕುರ್ಚಿ ಗುಜರಿಗೆ ಹೋಯಿತು.

ಅಂದು ತಪ್ಪಿದ್ದು ಎಲ್ಲಿ ಎಂಬುದನ್ನು ಈಗ ಬಲ್ಲೆ. ಹಳೆಯ ಮರದ ಸಾಮಾನನ್ನು ಮನೆಯಲ್ಲೇ ಸರಿಪಡಿಸುವುದು ಕಷ್ಟದ ವಿದ್ಯೆಯೇನೂ ಅಲ್ಲ. ಆದರೆ ಬ್ರಶ್ಶು ಕೈಗೆತ್ತಿಕೊಳ್ಳುವುದು ಕಟ್ಟಕಡೆಯ ಕೆಲಸ. ಮುಕ್ಕಾಲು ಪಾಲು ಕೆಲಸ ಅದಕ್ಕಿಂತ ಮೊದಲೇ ಮುಗಿದಿರಬೇಕು.

ಕೊಳ್ಳುವ ಮೊದಲು

ಹಳೆಯ ಸಾಮಾನು ಕೊಳ್ಳುವಾಗ ಅದನ್ನು ಬುಡಮೇಲು ಮಾಡಿ ನೋಡಬೇಕು. ಮೇಲ್ಭಾಗ ಎಲ್ಲರಿಗೂ ತೋರಿಸುವ ಮುಖ. ನಿಜ ಸಂಗತಿ ಅಡಿಯಲ್ಲಿರುತ್ತದೆ. ಕಾಲಿನ ತುದಿಗಳಿಗೆ ದಬ್ಬಣದಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗಿಳಿದರೆ ಮರ ಕುಂಬಾಗಿದೆ. ಸಣ್ಣ ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹುಳ ಬಹಳ ಹಿಂದೆಯೇ ಹೊರಟುಹೋಗಿರಬಹುದು. ತಟ್ಟಿದಾಗ ಗೋಧಿಹಿಟ್ಟಿನಂಥ ನಯವಾದ ಪುಡಿ ಉದುರಿದರೆ ಮಾತ್ರ ಹುಳ ಒಳಗೇ ಇದೆ ಎಂದು ತಿಳಿಯಬೇಕು. ಈ ಜಾತಿಯ ಹುಳಕ್ಕೆ ಇಷ್ಟವಾದದ್ದು ಮರದ ಹೊರಭಾಗದ ಬಿಳಿ ಪದರ, ಅದರಲ್ಲಿ ಪಿಷ್ಟವಿರುವುದರಿಂದ. ಒಳಗಿನ ತಿರುಳು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ.

ಅಲುಗಾಡುವ ಸಾಮಾನನ್ನು ಬೇಡವೆನ್ನಬೇಡಿ. ಅಲುಗಾಟವೆಂದರೆ ಸಂದಿನ ಅಂಟು ಬಿಟ್ಟಿದೆ ಎಂದಷ್ಟೇ ಅರ್ಥ. ಮೊಳೆ ಬಡಿದು ಜೋಡಿಸಿದ್ದಕ್ಕಿಂತ, ಗೂಟ ಹಾಕಿ ಒಂದಕ್ಕೊಂದು ಕಚ್ಚಿಸಿ ಕೂಡಿಸಿದ್ದನ್ನು ಆರಿಸಿಕೊಳ್ಳಿ. ಬಿಚ್ಚಿ ಮರಳಿ ಜೋಡಿಸಲು ಬರುವುದು ಅದೇ.

ನನ್ನ ಮೇಜಿನಲ್ಲಿ ಮೊಳೆಯೇ ಇರಲಿಲ್ಲ. ನೆರೆಮನೆಯ ಆಚಾರ್ರು ಕಾಲಿನ ತುದಿಯನ್ನು ಉಗುರಿನಿಂದ ಕೆರೆದು, "ಮಾಷ್ಟ್ರೇ, ಇದು ಹಲಸು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಂಟು" ಎಂದರು. ಹೊಸತಾಗಿ ಕೊಯ್ದ ಹಲಸಿನ ಮರ ಅರಸಿನದ ಬಣ್ಣ. ಬೆಳಕು ತಾಗಿ ವರ್ಷ ಕಳೆದಂತೆ ಅದು ಕೆಂಪುಗಂದಾಗುತ್ತದೆ. ಇದರ ಹೊಟ್ಟನ್ನು ಕುದಿಸಿ ಬೌದ್ಧ ಭಿಕ್ಷುಗಳ ವಸ್ತ್ರಗಳಿಗೆ ಬಣ್ಣ ಕಟ್ಟುವ ರೂಢಿಯೂ ಇತ್ತು.

ಹಳೆಯ ಬಣ್ಣದ ಅಪಾಯ

ಕ್ರಿಸ್‌ಮಸ್ ರಜೆಯ 10 ದಿನಗಳನ್ನು ಈ ಕೆಲಸಕ್ಕೆ ಇಟ್ಟುಕೊಂಡೆ. ನಮ್ಮ ಕಡೆ ಡಿಸೆಂಬರದಿಂದ ಮಾರ್ಚಿನವರೆಗೆ ಗಾಳಿ ಒಣಗಿರುತ್ತದೆ. ಮರದ ಕೆಲಸಕ್ಕೂ ಬಣ್ಣದ ಕೆಲಸಕ್ಕೂ ಅದೇ ಸಕಾಲ.

ಹಳೆಯ ಬಣ್ಣ ತೆಗೆಯುವಾಗ ಒಂದು ಎಚ್ಚರಿಕೆ ಅಗತ್ಯ. ಹಿಂದಿನ ಕಾಲದ ಪೈಂಟುಗಳಲ್ಲಿ ಸೀಸ ಬೆರೆತಿರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರದಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದ್ದಿರಬಹುದೆಂದೇ ತಿಳಿದು ನಡೆಯುವುದು ಕ್ಷೇಮ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಗರ್ಭಿಣಿಯರಿಗೂ ಕೆಡುಕು. ಆದ್ದರಿಂದ ಅಂಥ ಬಣ್ಣವನ್ನು ಒಣಗಿದ ಮರಳು ಕಾಗದದಿಂದ ಉಜ್ಜಲೇಬಾರದು. ಬೆಂಕಿಯಿಂದ ಸುಡಲೂಬಾರದು. ಅದರ ತುಂಡುಗಳನ್ನು ಬಚ್ಚಲೊಲೆಗೆ ಹಾಕುವುದಂತೂ ದೊಡ್ಡ ಅಪರಾಧ.

ನಾನು ಹಾರ್ಡ್‌ವೇರ್ ಅಂಗಡಿಯಿಂದ ಬಣ್ಣ ಕೀಳುವ ದ್ರಾವಣ ತಂದೆ. ಪೈಂಟ್ ರಿಮೂವರ್ ಎಂದರೆ ಕೊಡುತ್ತಾರೆ. ಮೇಜನ್ನು ಅಂಗಳದ ಮೂಲೆಯಲ್ಲಿಟ್ಟು, ಅಡಿಗೆ ಹಳೆಯ ಪೇಪರು ಹಾಸಿ, ಕೈಗೆ ರಬ್ಬರ್ ಗವಸು, ಮೂಗಿಗೆ ಮಾಸ್ಕು ಕಟ್ಟಿಕೊಂಡೆ. ದ್ರಾವಣ ದಪ್ಪಗೆ ಬಳಿದು ಕಾಲು ಗಂಟೆ ಬಿಟ್ಟರೆ ಬಣ್ಣ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಮೊಂಡು ಬ್ಲೇಡಿನಿಂದ ಮೆಲ್ಲಗೆ ಎತ್ತಿ ತೆಗೆಯಬೇಕು. ಹಸಿರು ಹೋಯಿತು, ನೀಲಿ ಹೋಯಿತು, ಅದರಡಿಯಲ್ಲಿದ್ದ ಒಂದು ಕೆಂಪೂ ಹೋಯಿತು. ಸಂದುಗೊಂದುಗಳಲ್ಲಿ ಉಳಿದದ್ದನ್ನು ನೀರು ತಾಗಿದರೂ ಹರಿಯದ ಎಮರಿ ಕಾಗದವನ್ನು ಒದ್ದೆ ಮಾಡಿ ಉಜ್ಜಿದೆ. ಕಸವನ್ನೆಲ್ಲ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ತುಂಬಿ ಮುಚ್ಚಿದೆ. ಬಾವಿಯ ಕಡೆಗೆ ಒಂದು ಚೂರೂ ಹೋಗಗೊಡಲಿಲ್ಲ. ಉಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆದೆ.

ಪೈಂಟಿಲ್ಲದೆ ಬರೀ ಪಾಲಿಶ್ ಇರುವ ಸಾಮಾನಾದರೆ ಇಷ್ಟೆಲ್ಲ ಬೇಡ. ಮೂಲೆಯಲ್ಲಿ ಸ್ಪಿರಿಟ್ ಹಾಕಿದ ಹತ್ತಿಯಿಂದ ಒರಸಿ ನೋಡಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್. ಅಂಥದ್ದನ್ನು ಪೂರ್ತಿ ಕೀಳದೆ, ಕೊಳೆ ತೆಗೆದು ಮೇಲಿನಿಂದಲೇ ಹೊಸ ಪಾಲಿಶ್ ಕೊಡಬಹುದು.

ಸಂದು, ಹುಳ, ಉಜ್ಜುವಿಕೆ

ಬಣ್ಣ ಹೋದ ಮೇಲೆ ಮೇಜನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿದೆ. ಬೇಗ ಆಗಲೆಂದು ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ. ಅಲುಗಾಡುವ ಕಾಲನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು ತೆಗೆದು, ಫೆವಿಕಾಲ್ ಹಚ್ಚಿ ಕೂಡಿಸಿದೆ. ಬಿಗಿಹಿಡಿಯಲು ನಮ್ಮಲ್ಲಿ ಯಂತ್ರವಿಲ್ಲ. ಕಾಲುಗಳ ಸುತ್ತ ಹಗ್ಗ ಕಟ್ಟಿ ನಡುವೆ ಕೋಲು ತೂರಿಸಿ ತಿರುಚಿದರೆ ಸಾಕೆಂದು ಆಚಾರ್ರು ತೋರಿಸಿಕೊಟ್ಟರು. ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟೆ.

ಹುಳದ ತೂತುಗಳಿದ್ದರೆ ಬಣ್ಣ ಹೋದ ಬರೀ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಹಚ್ಚಿ ಒಣಗಿಸಬೇಕು. ಬಣ್ಣದ ಮೇಲೆ ಹಚ್ಚಿದರೆ ಒಳಗಿಳಿಯುವುದಿಲ್ಲ. ನೆಲಕ್ಕೆ ತಾಗುವ ಕಾಲಿನ ಅಡಿಗೆ ನಮ್ಮ ಹಿರಿಯರ ಗೇರು ಎಣ್ಣೆಯೇ ಆದೀತು. ಗೆದ್ದಲಿಗೆ ಅದು ಆಗದು. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಬರಿಗೈಗೆ ತಾಗಿದರೆ ಗುಳ್ಳೆ ಏಳುತ್ತದೆಂಬುದನ್ನು ಮಾತ್ರ ಮರೆಯಬೇಡಿ.

ಮರಳು ಕಾಗದಕ್ಕೆ ನಂಬರುಗಳಿವೆ. ಮೊದಲು 80, ಆಮೇಲೆ 120, ಕೊನೆಗೆ 220. ನಂಬರು ಹೆಚ್ಚಿದಂತೆ ಕಾಗದ ನಯ. ಉಜ್ಜುವುದು ಯಾವಾಗಲೂ ಮರದ ನಾರಿನ ದಿಕ್ಕಿನಲ್ಲಿ. ಅಡ್ಡ ಉಜ್ಜಿದರೆ ಗೀರುಗಳು ಆಗ ಕಾಣದಿದ್ದರೂ ಪಾಲಿಶ್ ಕೊಟ್ಟೊಡನೆ ಎದ್ದು ಕಾಣುತ್ತವೆ. ಸಣ್ಣ ತೂತುಗಳಿಗೆ ಅದೇ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೆತ್ತಬಹುದು. ಪೈಂಟ್ ಕೊಡುವುದಾದರೆ ಚಾಕಿನ ಪುಡಿಯೂ ಆಗುತ್ತದೆ. ಅಧ್ಯಾಪಕರ ಮನೆಯಲ್ಲಿ ಅದಕ್ಕೆಲ್ಲಿಯ ಬರ?

ಡ್ರಾವರಿನ ಲೆಕ್ಕ

ಐದನೆಯ ದಿನ ಡ್ರಾವರನ್ನು ಹೊರಗೆಳೆದು ಉಜ್ಜಲು ಕುಳಿತೆ. ಒಳಗಿನ ಹಲಗೆಗೆ ಯಾರೂ ಬಣ್ಣ ಹಚ್ಚಿರಲಿಲ್ಲ. ಧೂಳು ಒರಸಿದಾಗ ಪೆನ್ಸಿಲಿನ ಬರಹ ಕಂಡಿತು. ಗುಂಡಗಿನ ಕನ್ನಡ ಅಕ್ಷರ. ಬೆಲ್ಲ 6 ಆ., ಸೀಮೆಎಣ್ಣೆ 3 ಆ., ಹಾಲಿನವಳಿಗೆ ಬಾಕಿ. ಅದರ ಕೆಳಗೆ ಒಂದು ಕೂಡಿಸಿದ ಲೆಕ್ಕ, ಅದೂ ತಪ್ಪಿ ಹೊಡೆದುಹಾಕಿದ್ದು.

"ಒಂದು ಕೈ ಉಜ್ಜಿದರೆ ಹೋಗ್ತದೆ ಮಾಷ್ಟ್ರೇ" ಎಂದರು ಆಚಾರ್ರು. ಕಾಗದ ನನ್ನ ಕೈಯಲ್ಲೇ ಇತ್ತು. ಪಕ್ಕದಲ್ಲಿ ನಿಂತಿದ್ದ ಮಗಳು, "ಬೇಡ ಅಪ್ಪಾ" ಎಂದಳು. ಆಮೇಲೆ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿ, "ಆ ಅಂದರೆ ಏನು?" ಎಂದು ಕೇಳಿದಳು.

ರೂಪಾಯಿಗೆ 16 ಆಣೆ ಇದ್ದ ಕಾಲವನ್ನು ವಿವರಿಸಿದೆ. ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಐದು ತಿಂಗಳ ಹಿಂದೆ, 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಆಣೆಯ ಲೆಕ್ಕ ಜನರ ಬಾಯಲ್ಲಿ ಆಮೇಲೆಯೂ ಕೆಲವು ಕಾಲ ಉಳಿದಿತ್ತೆನ್ನಿ. ಏನಿದ್ದರೂ ಈ ಮೇಜು ಸುಮಾರು ಆ ಕಾಲದ್ದು. ಯಾರೋ ಒಬ್ಬರು ಇದರೆದುರು ಕುಳಿತು ಮನೆಯ ಬೆಲ್ಲ, ಎಣ್ಣೆ, ಹಾಲಿನ ಲೆಕ್ಕವನ್ನು ಕನ್ನಡದಲ್ಲಿ ಬರೆದಿದ್ದರು. ಹೊರಗೆ ಮೂರು ಬಣ್ಣಗಳು ಬಂದು ಹೋದರೂ ಒಳಗಿನ ಬರಹ ಹಾಗೆಯೇ ಉಳಿದಿತ್ತು.

ಡ್ರಾವರಿನ ಒಳಭಾಗವನ್ನು ಒಣ ಬಟ್ಟೆಯಿಂದ ಒರಸಿ ಬಿಟ್ಟುಬಿಟ್ಟೆ. ಪಾಲಿಶನ್ನೂ ಕೊಡಲಿಲ್ಲ. ತಿಕ್ಕಿದರೆ ಪೆನ್ಸಿಲು ಮಸಕಾದೀತೆಂಬ ಭಯ.

ಪಾಲಿಶೋ ಪೈಂಟೋ?

ಒಳ್ಳೆಯ ಮರವಾದರೆ ಪಾಲಿಶ್, ಬೆರಕೆ ಮರ ಅಥವಾ ತೇಪೆ ಹಾಕಿದ್ದಾದರೆ ಪೈಂಟ್. ಇದು ಸಾಮಾನ್ಯ ನಿಯಮ.

ಪಾಲಿಶಿಗೆ ಒಂದು ಲೀಟರ್ ಸ್ಪಿರಿಟಿನಲ್ಲಿ 150ರಿಂದ 200 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಬಿಟ್ಟು ಬಟ್ಟೆಯಲ್ಲಿ ಸೋಸಬೇಕು. ಹತ್ತಿಯ ಉಂಡೆಯನ್ನು ಹಳೆಯ ಮಲ್ಲು ಬಟ್ಟೆಯಲ್ಲಿ ಸುತ್ತಿ, ಅದ್ದಿ ಹಿಂಡಿ, ತೆಳುವಾಗಿ ಹಚ್ಚಬೇಕು. ನಾನು ಮೂರು ದಿನಗಳಲ್ಲಿ ಎಂಟು ಕೈ ಕೊಟ್ಟೆ. ಒಲೆ, ದೀಪ ಹತ್ತಿರವಿರಬಾರದು. ಮಳೆಯ ದಿನ ಹಚ್ಚಿದರೆ ಗಾಳಿಯ ತೇವ ಸೇರಿ ಬಿಳಿ ಮಸುಕು ಕಟ್ಟುತ್ತದೆ. ಅರಗಿನ ಪಾಲಿಶಿಗೆ ಬಿಸಿ ಚಹಾದ ಲೋಟವೂ ಆಗದು, ಒದ್ದೆ ಪಾತ್ರೆಯೂ ಆಗದು. ಊಟದ ಮೇಜಿಗೆ ಅದು ಬೇಡ, ವಾರ್ನಿಶ್ ಒಳ್ಳೆಯದು. ಅಗಸೆ ಎಣ್ಣೆ ಬಳಸುವವರು ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತಾನಾಗಿಯೇ ಕಾದು ಬೆಂಕಿ ಹತ್ತುವುದುಂಟು. ಬಿಡಿಸಿ ಒಣಗಿಸಬೇಕು.

ಪೈಂಟಾದರೆ ಮೊದಲು ಒಂದು ಕೈ ಪ್ರೈಮರ್, ಅದು ಒಣಗಿದ ಮೇಲೆ ನಯವಾದ ಕಾಗದದಿಂದ ಹಗುರಾಗಿ ಉಜ್ಜಿ ಎರಡು ತೆಳು ಕೈ ಇನಾಮೆಲ್. ಒಂದು ಕೈಗೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಬೇಕು. ಒಂದೇ ದಪ್ಪ ಕೈಯಲ್ಲಿ ಮುಗಿಸುವ ಆತುರವೇ ನನ್ನ ತಂದೆಯವರ ಕುರ್ಚಿಯನ್ನು ಕೆಡಿಸಿದ್ದು.

ಹತ್ತನೆಯ ದಿನ ಮೇಜು ಒಳಗೆ ಬಂತು. ಜೇನಿನ ಬಣ್ಣ. ಅಂಟು, ಅರಗು, ಸ್ಪಿರಿಟು, ಕಾಗದ ಎಲ್ಲ ಸೇರಿ ಖರ್ಚು ಮೇಜಿನ ಬೆಲೆಗಿಂತ ಸ್ವಲ್ಪ ಹೆಚ್ಚೇ ಆಯಿತು. ಮನೆಯವಳು ಕೈಯಾಡಿಸಿ ನೋಡಿ, "ಆಚೆಕಡೆ ಒಂದು ಕಪಾಟೂ ಇತ್ತೋ ನೋಡಬಹುದಿತ್ತು" ಎಂದಳು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಬೇಕಾಗಿರಲಿಲ್ಲ.

ಮಳೆಗಾಲದಲ್ಲಿ ಮರ ಉಬ್ಬಿ ಡ್ರಾವರು ಬಿಗಿಯಾದೀತು. ಆಗ ಕೀಸುಳಿ ಹಾಕಬೇಡಿ, ಬೇಸಿಗೆಗೆ ಸಡಿಲವಾಗಿ ಬೀಳುತ್ತದೆ. ಸ್ವಲ್ಪ ಮೇಣದ ಬತ್ತಿ ತಿಕ್ಕಿದರೆ ಸಾಕು.

ಇತ್ತೀಚೆಗೆ ನಮ್ಮ ಮನೆಗಳ ಮಕ್ಕಳು ಮಂಗಳೂರು, ಬೆಂಗಳೂರು ಸೇರಿಕೊಂಡಂತೆ ಹಳೆಯ ಮನೆಗಳು ಬೀಳುತ್ತಿವೆ. ಅವುಗಳೊಂದಿಗೆ ಪತ್ತಾಯ, ಕಪಾಟು, ತೊಟ್ಟಿಲು, ಬರೆಯುವ ಮೇಜುಗಳೂ ಗುಜರಿಗೆ ಹೋಗುತ್ತಿವೆ. ಎಲ್ಲವನ್ನೂ ಇಟ್ಟುಕೊಳ್ಳಲು ಸಾಧ್ಯವಿಲ್ಲ, ನಿಜ. ಆದರೂ ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಬುಡಮೇಲು ಮಾಡಿ ನೋಡಿ, ಡ್ರಾವರು ಎಳೆದು ನೋಡಿ. ಜಗಲಿಯಲ್ಲಿ ಹಿರಿಯರೊಬ್ಬರ ಆರಾಮ ಕುರ್ಚಿ ಅಲುಗಾಡುತ್ತಿದ್ದರೆ ಅದನ್ನು ಮೊದಲು ಸರಿಪಡಿಸಿ. ಆಟಿ ಕಳೆದು, ಬಿಸಿಲು ಬಂದ ಮೇಲೆ.